ಕಾಗೆ ಮುಟ್ಟಿದ ದಿನದ ಡಬ್ಬಿ

ನಮ್ಮ ಸ್ಕೂಲಿನಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಹುಡುಗಿಯರೆಲ್ಲ ಹೊಂಗೆ ಮರದ ಕೆಳಗೆ ದುಂಡಗೆ ಕೂತು ಡಬ್ಬಿಗಳ ಮುಚ್ಚಳ ತೆಗೆಯುವವರೆಗೆ ಕಾದರೆ ಸಾಕಿತ್ತು. ಒಬ್ಬಟ್ಟು ಇದ್ದರೆ ಮನೆಗೆ ನೆಂಟರು ಬಂದಿದ್ದಾರೆ. ಬರೀ ಮೊಸರನ್ನ, ಉಪ್ಪಿನಕಾಯಿ ಇದ್ದರೆ ತಿಂಗಳ ಕೊನೆ. ಬೇಕರಿಯ ಬನ್ನು ಇದ್ದರೆ ಅವಳ ಅಮ್ಮ ಹೊರಗಾಗಿದ್ದಾಳೆ.

ಹೊರಗಾಗುವುದು ಅಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ತಿಂಗಳಿಗೆ ಮೂರು ದಿನ ಹೆಂಗಸರು ಅಡುಗೆಮನೆಗೂ ದೇವರಮನೆಗೂ ಕಾಲಿಡದೆ, ಯಾರನ್ನೂ ಮುಟ್ಟದೆ, ಚಾಪೆ, ಚೊಂಬು, ತಟ್ಟೆಯನ್ನು ಬೇರೆ ಇಟ್ಟುಕೊಂಡು ಒಂದು ಮೂಲೆಯಲ್ಲಿ ಇರುತ್ತಿದ್ದರು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದರು. ಯಾಕೆ ಎಂದು ಮಕ್ಕಳು ಕೇಳಿದರೆ ‘ಕಾಗೆ ಮುಟ್ಟಿದೆ’ ಎನ್ನುವುದು ಉತ್ತರ. ಕಾಗೆ ಹೆಂಗಸರನ್ನೇ ಏಕೆ ಮುಟ್ಟುತ್ತದೆ, ಅದೂ ತಿಂಗಳಿಗೊಮ್ಮೆ ಲೆಕ್ಕ ಇಟ್ಟುಕೊಂಡು ಏಕೆ ಬರುತ್ತದೆ ಎಂದು ಯಾರೂ ಮುಂದಕ್ಕೆ ಕೇಳುತ್ತಿರಲಿಲ್ಲ. ಕೇಳಿದರೆ ತಲೆಯ ಮೇಲೊಂದು ಮೊಟಕು ಬೀಳುತ್ತಿತ್ತು.

ಮನೆಯಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇದ್ದವರ ಡಬ್ಬಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. ಒಬ್ಬರು ಹೊರಗೆ ಕೂತರೆ ಇನ್ನೊಬ್ಬರು ಒಲೆ ಹಚ್ಚುತ್ತಿದ್ದರು. ಕಷ್ಟವೆಲ್ಲ ನಮ್ಮಂಥ ಮನೆಗಳದ್ದು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪ ತುಮಕೂರಿನಿಂದ ವರ್ಗವಾಗಿ ಬಂದು ಜಯನಗರದಲ್ಲಿ ಮನೆ ಹಿಡಿದಿದ್ದರು. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಜಾಸ್ತಿ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ನನಗಿಂತ ಚಿಕ್ಕವನಾದ ತಮ್ಮ, ಇಷ್ಟೇ ಜನ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬೆಳಗಿನ ಬಸ್ಸು ತಪ್ಪಿದರೆ ಇನ್ನೊಂದು ಯಾವಾಗ ಬರುತ್ತದೆಂದು ಕಂಡಕ್ಟರಿಗೂ ಗೊತ್ತಿರಲಿಲ್ಲ. ಆದ್ದರಿಂದ ಕಾಗೆ ಮುಟ್ಟಿದ ದಿನಗಳಲ್ಲಿ ಅಪ್ಪ ಸಂಜೆಗೆ ಹೇಗೋ ಅನ್ನ, ಸಾರು ಎಂದು ಒಂದಿಷ್ಟು ಬೇಯಿಸುತ್ತಿದ್ದರೂ ಬೆಳಿಗ್ಗೆ ಒಲೆಯ ತಂಟೆಗೆ ಹೋಗುತ್ತಿರಲಿಲ್ಲ. ಹಿಂದಿನ ಸಂಜೆಯೇ ಬೇಕರಿಯಿಂದ ಬನ್ನು ತಂದಿಟ್ಟು, ಬೆಳಿಗ್ಗೆ ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ಸಕ್ಕರೆ ಉದುರಿಸಿ ನಮ್ಮ ಡಬ್ಬಿಗೆ ಹಾಕುತ್ತಿದ್ದರು. ಐದು ನಿಮಿಷದ ಕೆಲಸ.

ತಮ್ಮನಿಗೆ ಆ ಬನ್ನೆಂದರೆ ಪ್ರಾಣ. ಹೀಗಾಗಿ ಕಾಗೆಗಳ ಮೇಲೆ ಅವನಿಗೆ ವಿಪರೀತ ಭಕ್ತಿ ಬಂದಿತ್ತು. ಹಿತ್ತಿಲ ಗೋಡೆಯ ಮೇಲೆ ಅನ್ನದ ಉಂಡೆ ಇಟ್ಟು ‘ಕಾ ಕಾ’ ಎಂದು ಕರೆದು, ಅವು ಬಂದ ಮೇಲೆ ಅಮ್ಮ ಬಟ್ಟೆ ಒಗೆಯುತ್ತಿದ್ದ ಕಡೆ ಕೈ ತೋರಿಸುತ್ತಿದ್ದ. ತಿಥಿಯ ದಿನವೂ ಅಷ್ಟು ಶ್ರದ್ಧೆಯಿಂದ ಯಾರೂ ಕಾಗೆ ಕರೆದದ್ದನ್ನು ನಾನು ನೋಡಿಲ್ಲ.

ಉಳಿದ ದಿನಗಳ ಡಬ್ಬಿ ಅಮ್ಮನದು. ಅವಳು ಕಟ್ಟುತ್ತಿದ್ದ ಮೊಸರನ್ನಕ್ಕೆ ಮೊಸರು ಒಂದೇ ಚಮಚ, ಮಿಕ್ಕದ್ದು ಹಾಲು. ಹಾಲು ಅನ್ನದಲ್ಲೇ ಹೆಪ್ಪುಗಟ್ಟಿ, ಮಧ್ಯಾಹ್ನ ಮುಚ್ಚಳ ತೆಗೆಯುವ ಹೊತ್ತಿಗೆ ಹುಳಿಯಾಗದ ಹದವಾದ ಮೊಸರನ್ನವಾಗಿರುತ್ತಿತ್ತು. ಅಕ್ಕಿರೊಟ್ಟಿ ಬಿಸಿಯಾಗಿ ಕಟ್ಟಿದರೆ ಬೆವರುತ್ತದೆ, ಆರಿಸಿ ಕಟ್ಟಿದರೆ ಚಪ್ಪಲಿಯಾಗುತ್ತದೆ ಎಂದು ಅದನ್ನು ಬಾಳೆ ಎಲೆಯಲ್ಲಿ ಸುತ್ತುತ್ತಿದ್ದಳು. ಇದಕ್ಕೆಲ್ಲ ಅವಳು ಕತ್ತಲಿರುವಾಗಲೇ ಏಳಬೇಕಾಗಿತ್ತು. ಅದು ನಮಗೆ ಆಗ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಸೂರ್ಯನೂ ಅಷ್ಟು ಹೊತ್ತಿಗೇ ಏಳುತ್ತಿದ್ದ, ಅವನನ್ನೂ ನಾವು ಹೊಗಳಿರಲಿಲ್ಲ.

ಆ ವರ್ಷ ಅಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತೇನೆಂದಳು. ಮಿಡ್ಲ್ ಸ್ಕೂಲು ಮುಗಿಯುತ್ತಲೇ ಮದುವೆಯಾದವಳು. ಎಸ್ಸೆಸ್ಸೆಲ್ಸಿ ಆದರೆ ಟ್ರೈನಿಂಗ್ ಸೇರಿ ಟೀಚರ್ ಆಗಬಹುದು, ಹೊಸ ಬಡಾವಣೆಗಳಲ್ಲೆಲ್ಲ ಸ್ಕೂಲು ತೆಗೆಯುತ್ತಿದ್ದಾರೆ ಎನ್ನುವುದು ಅವಳ ಲೆಕ್ಕ. ಅಮ್ಮ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಹನುಮಂತನಗರದಲ್ಲಿದ್ದ ತಮ್ಮ ಅಕ್ಕನನ್ನು ಒಂದು ಮಾತು ಕೇಳಿಬರುತ್ತೇನೆಂದು ಹೋದರು. ನಮ್ಮ ಆ ಅತ್ತೆ ತಾಯಿಯಿಲ್ಲದ ಅಪ್ಪನನ್ನು ಸಾಕಿ, ಓದಿಸಿ, ಕೆಲಸಕ್ಕೆ ಸೇರಿಸಿದವರು. ಅವರ ಮಾತು ಮೀರುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಮಾರನೆಯ ದಿನ ಅತ್ತೆ ತಾವೇ ಬಂದರು.

‘ಓದ್ಲಿ ಬಿಡಪ್ಪ, ಬೇಡ ಅಂದೋರು ಯಾರು,’ ಅಂದರು. ‘ಆದ್ರೆ ಒಂದು ಮಾತು ಹೇಳ್ತೀನಿ. ಹೆಂಗಸು ಪುಸ್ತಕ ಹಿಡ್ಕೊಂಡು ಕೂತ ಮನೇಲಿ ಮಕ್ಕಳ ಡಬ್ಬಿಗೆ ಬನ್ನೇ ಗತಿ. ಹೊರಗಾದಾಗಿನ ಮಾತು ಬೇರೆ, ಉಳಿದ ದಿನ ಅದೇನಾದ್ರೂ ಆಯ್ತೋ, ಅವತ್ತಿಗೆ ಓದು ಸಾಕು.’

‘ಆಗಲಿ ಅಕ್ಕ,’ ಅಂದರು ಅಪ್ಪ. ಅಮ್ಮನ ಕಡೆ ತಿರುಗಿ, ‘ಓದ್ಕೋ. ಡಬ್ಬಿ ಮಾತ್ರ ಕೆಡಬಾರದು’ ಅಂದರು.

ಹೀಗೆ ಅಮ್ಮನ ವಿದ್ಯಾಭ್ಯಾಸ ನಮ್ಮ ಎರಡು ಅಲ್ಯೂಮಿನಿಯಂ ಡಬ್ಬಿಗಳ ಮೇಲೆ ನಿಂತಿತು.

ಅಮ್ಮ ಓದಲು ಕೂತಳು ಅನ್ನುವುದು ತಪ್ಪು, ಕೂರಲು ಆಗಲಿಲ್ಲ. ಬೆಳಿಗ್ಗೆ ನಲ್ಲಿಯ ನೀರು ಹಿಡಿಯಬೇಕು, ಇದ್ದಿಲ ಒಲೆ ಹೊತ್ತಿಸಬೇಕು, ಡಬ್ಬಿ ಕಟ್ಟಬೇಕು, ಬಟ್ಟೆ, ಪಾತ್ರೆ, ಮತ್ತೆ ಅಡುಗೆ. ಪುಸ್ತಕ ಅಡುಗೆಮನೆಯ ಗೂಡಿನಲ್ಲಿ ಮೆಣಸಿನಪುಡಿ ಡಬ್ಬದ ಪಕ್ಕ ಒರಗಿಕೊಂಡಿರುತ್ತಿತ್ತು, ಇತಿಹಾಸದ ಪಾಠ ಪೂರ್ತಿ ಹಿಂಗಿನ ವಾಸನೆ ಹೊಡೆಯುತ್ತಿತ್ತು. ಓದುವುದಕ್ಕೆ ಅಂತ ಅವಳಿಗೆ ಸಿಕ್ಕಿದ್ದು ಹೊರಗಾದ ಮೂರು ದಿನ ಮಾತ್ರ. ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಓದಿದಳು. ಆ ದಿನಗಳಲ್ಲಿ ಪುಸ್ತಕ ಮುಟ್ಟಬಾರದು, ಅದು ಸರಸ್ವತಿ ಎನ್ನುವ ಶಾಸ್ತ್ರವೊಂದಿತ್ತು. ಮೈಲಿಗೆ ನೂಲಿನ ಬಟ್ಟೆಗೆ ತಗಲುತ್ತದೆ, ರೇಷ್ಮೆಗೂ ಕಾಗದಕ್ಕೂ ತಗಲುವುದಿಲ್ಲ ಎಂದು ಅಮ್ಮ ತಾನೇ ತೀರ್ಮಾನಿಸಿದಳು. ನಾನು ಹೊಸ್ತಿಲಿನಿಂದ ಈಚೆ ಕೂತು ಪ್ರಶ್ನೆ ಕೇಳುತ್ತಿದ್ದೆ, ಅವಳು ಆಚೆಯಿಂದ ಉತ್ತರ ಹೇಳುತ್ತಿದ್ದಳು.

ಆಮೇಲೆ ಕಾಗೆಗಳು ಹೆಚ್ಚಾದವು. ಮೂರು ದಿನ ಇದ್ದದ್ದು ಐದಾಯಿತು. ದೀಪಾವಳಿ ಕಳೆದ ಮೇಲೆ ಒಂದೇ ತಿಂಗಳಲ್ಲಿ ಎರಡು ಸಲ ಕಾಗೆ ಬಂದು ಮುಟ್ಟಿ ಹೋಯಿತು. ತಮ್ಮ ತನ್ನ ಅನ್ನದ ಉಂಡೆಗಳು ಫಲ ಕೊಟ್ಟವೆಂದು ಉಂಡೆಯ ಗಾತ್ರ ದೊಡ್ಡದು ಮಾಡಿದ. ನನಗೆ ಮಾತ್ರ ಅನುಮಾನ ಬಂದಿತ್ತು. ಎರಡನೆಯ ಸಲ ಅಮ್ಮ ಹೊರಗೆ ಕೂತಾಗ ಹಿತ್ತಿಲ ಮೂಲೆಯ ತಂತಿಯ ಮೇಲೆ ಆ ದಿನಗಳಲ್ಲಿ ತೊಳೆದು ಹರವುವ ಬಟ್ಟೆಯ ತುಂಡುಗಳು ಕಾಣಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಅಪ್ಪ ಕೇಳಲಿಲ್ಲ. ಇಂಥ ವಿಷಯವನ್ನು ಗಂಡಸು ಕೇಳುವುದೇ ಅಸಹ್ಯ ಎಂದು ಆಗಿನ ಮರ್ಯಾದಸ್ಥರು ತಿಳಿದಿದ್ದರು, ಆ ಮರ್ಯಾದೆಯ ಮರೆಯಲ್ಲಿ ಅಮ್ಮ ಬೀಜಗಣಿತ ಮುಗಿಸಿದಳು.

ಆದರೆ ಡಬ್ಬಿ ಸುಮ್ಮನಿರಲಿಲ್ಲ. ಹೊಂಗೆ ಮರದ ಕೆಳಗೆ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ನನ್ನ ಬನ್ನನ್ನೇ ನೋಡುತ್ತಾ ಕೇಳಿದಳು.

‘ನಿಮ್ಮಮ್ಮ ಹೋದ ವಾರಾನೂ ಹೊರಗಿದ್ರಲ್ಲ?’

‘ನಮ್ಮ ಕಡೆ ಕಾಗೆ ಜಾಸ್ತಿ,’ ಎಂದೆ.

ಅವಳು ಒಪ್ಪಿಕೊಂಡಂತೆ ತಲೆ ಆಡಿಸಿ ಮನೆಗೆ ಹೋಗಿ ಅವಳ ಅಜ್ಜಿಗೆ ಹೇಳಿದಳು. ಅಜ್ಜಿ ಶನಿವಾರ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋದವರು ಅಲ್ಲಿ ನಮ್ಮ ಅತ್ತೆಗೆ ಹೇಳಿದರು. ಭಾನುವಾರ ಅತ್ತೆ ಒಂದು ಬಾಟಲಿ ಕಷಾಯದ ಜೊತೆ ನಮ್ಮ ಮನೆಯ ಬಾಗಿಲಲ್ಲಿದ್ದರು.

ಅಮ್ಮ ಕಳ್ಳಾಟ ಆಡುತ್ತಿದ್ದಾಳೆ ಎಂದು ಅತ್ತೆಗೆ ಅನ್ನಿಸಲೇ ಇಲ್ಲ. ಹೊರಗಾಗದೆ ಹೊರಗಾದೆ ಎನ್ನುವ ಹೆಂಗಸು ಇರಬಹುದೆಂದು ಅವರ ತಲೆಗೇ ಬರುವಂತಿರಲಿಲ್ಲ. ಆಗಿದ್ದರೂ ಆಗಿಲ್ಲ ಎಂದು ಮುಚ್ಚಿಟ್ಟು ಮದುವೆಮನೆಯಲ್ಲಿ ಓಡಾಡಿದವರನ್ನು ಅವರು ಕಂಡಿದ್ದರು, ಇದರ ತಿರುಗುಮುರುಗನ್ನು ಕಂಡಿರಲಿಲ್ಲ. ಆದ್ದರಿಂದ ಇದು ರೋಗವೇ ಎಂದು ನಿಶ್ಚಯಿಸಿದ್ದರು.

‘ಮೈಯಲ್ಲಿ ರಕ್ತ ಎಲ್ಲಿ ಉಳಿಯತ್ತೆ ಹಿಂಗಾದ್ರೆ,’ ಎಂದು ಅಮ್ಮನ ಕಣ್ಣಿನ ಕೆಳಗೆ ನೋಡಿದರು. ಓದಿ ಓದಿ ಅಲ್ಲಿ ಕಪ್ಪಾಗಿತ್ತು. ‘ನೋಡು, ಬಿಳಿಚ್ಕೊಂಡಿದಾಳೆ. ಕಷಾಯ ಕುಡಿ. ಪರೀಕ್ಷೆ ಗಿರೀಕ್ಷೆ ಎಲ್ಲ ಕಟ್ಟಿಡು. ನಾನೇ ಬಂದು ಇರ್ತೀನಿ ಯುಗಾದಿವರೆಗೆ. ಮಕ್ಕಳು ಬನ್ ತಿಂದು ಬನ್ ತಿಂದು ಒಣಗಿಹೋಗಿವೆ.’

ತಮ್ಮ ಆಗ ದುಂಡಗೆ ಇದ್ದ. ಅವನನ್ನು ಯಾರೂ ಕೇಳಲಿಲ್ಲ.

ಅಮ್ಮ ಲೋಟದ ಕಷಾಯವನ್ನು ಮುಖ ಕಿವಿಚದೆ ಕುಡಿದಳು. ಅತ್ತೆ ಬಂದು ಕೂತರೆ ಮುಗಿಯಿತು ಎಂದು ನನಗೂ ಗೊತ್ತಿತ್ತು. ಅವರ ಕಣ್ಣೆದುರು ಸುಳ್ಳು ಕಾಗೆ ಹಾರುವುದಿಲ್ಲ. ಪರೀಕ್ಷೆಗೆ ಇನ್ನು ಕೆಲವೇ ವಾರ ಇತ್ತು.

ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

‘ಅಕ್ಕ, ಲೇಡಿ ಡಾಕ್ಟರಿಗೆ ತೋರಿಸಿದೀನಿ,’ ಅಂದರು. ‘ಕೆಲಸ ಮಾಡಬಾರದು, ಕೂತ್ಕೊಂಡು ಇರಬೇಕು ಅಂದಿದಾರೆ. ಮನಸ್ಸಿಗೆ ಬೇಜಾರಾಗದಿರೋ ಹಾಗೆ ಏನಾದ್ರೂ ಓದ್ಕೊಂಡಿರಬಹುದಂತೆ.’

ಅಪ್ಪ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಅವರು ಅತ್ತೆಗೆ ಸುಳ್ಳು ಹೇಳಿದ್ದು ಹುಟ್ಟಿದಂದಿನಿಂದ ಅದೇ ಮೊದಲಿರಬೇಕು, ಕಿವಿ ಕೆಂಪಗಾಗಿತ್ತು. ಅಮ್ಮ ಲೋಟದ ಮೇಲಿಂದ ಅವರನ್ನು ನೋಡಿದಳು.

‘ಸರಿ. ಮಕ್ಕಳ ಡಬ್ಬಿ?’ ಅಂದರು ಅತ್ತೆ.

‘ನಾನು ಮಾಡ್ತೀನಿ.’

‘ನೀನು?’

‘ಮಾಡ್ತೀನಿ ಅಕ್ಕ.’

ಅತ್ತೆ ಎದ್ದು ಸೆರಗು ಸರಿ ಮಾಡಿಕೊಂಡರು. ‘ಇನ್ನೊಂದು ಸಲ ಆ ಡಬ್ಬೀಲಿ ಬನ್ ಕಂಡಿತು ಅಂತ ನನ್ನ ಕಿವಿಗೆ ಬೀಳಲಿ, ಗಂಟು ಮೂಟೆ ಕಟ್ಕೊಂಡು ಬರ್ತೀನಿ,’ ಎಂದು ಹೊರಟರು. ಅವರ ಕಿವಿ ಹೊಂಗೆ ಮರದ ಕೆಳಗೆ ನನ್ನ ಪಕ್ಕದಲ್ಲೇ ಕೂರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ಅವರು ಗೇಟು ದಾಟಿದ ಮೇಲೆ ಅಮ್ಮ ಕೇಳಿದಳು. ‘ನಿಮಗೆ ಯಾವಾಗ ಗೊತ್ತಾಯ್ತು?’

‘ಭೂಗೋಳ ನೀನು ಗಟ್ಟಿಯಾಗಿ ಓದ್ತೀಯ,’ ಅಂದರು ಅಪ್ಪ. ‘ಹುಷಾರಿಲ್ಲದೋರು ಹಾಗೆ ಓದಲ್ಲ.’

ಮಾರನೆಯ ಬೆಳಿಗ್ಗೆ ಅಪ್ಪ ಅಡುಗೆಮನೆಗೆ ಇಳಿದರು. ಅಮ್ಮ ಹಿತ್ತಿಲ ಕೋಣೆಯ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂತಳು. ಇನ್ನು ಕದ್ದು ಮುಚ್ಚಿ ಕೂರುವ ಅಗತ್ಯವಿರಲಿಲ್ಲ. ಆದರೂ ಅಡುಗೆಮನೆಗೆ ಮಾತ್ರ ಬರಲಿಲ್ಲ. ಬಂದರೆ ಸೌಟು ಕಿತ್ತುಕೊಳ್ಳುತ್ತೇನೆ ಎಂದು ಅವಳಿಗೇ ಭಯವಿತ್ತು. ಅಲ್ಲಿಂದಲೇ ಕೂಗುತ್ತಿದ್ದಳು.

‘ರವೆ ಕೆಂಪಗಾಯ್ತಾ?’

‘ಆಯ್ತು.’

‘ಎಷ್ಟು ಕೆಂಪು?’

‘ಕಪ್ಪು ಕೆಂಪು.’

‘ಇಳಿಸಿ, ಇಳಿಸಿ. ನೀರು ಕುದಿಯಕ್ಕಿಟ್ಟು ರುಚಿಗೆ ತಕ್ಕಷ್ಟು ಉಪ್ಪು ಹಾಕಿ.’

‘ಯಾರ ರುಚಿಗೆ?’

ಅಪ್ಪನದು ತಮಾಷೆಯಲ್ಲ. ಕಚೇರಿಯಲ್ಲಿ ಅಳತೆ ಹೇಳದೆ ಯಾವ ಕೆಲಸವನ್ನೂ ಅವರು ಮಾಡಿದವರಲ್ಲ. ಆ ಉಪ್ಪಿಟ್ಟು ಡಬ್ಬಿಯ ಆಕಾರದಲ್ಲೇ ಹೊರಗೆ ಬಂತು. ತಟ್ಟಿದರೆ ಸದ್ದು ಬರುತ್ತಿತ್ತು. ನಾನು ಹೊಂಗೆ ಮರದ ಕೆಳಗೆ ಎಲ್ಲರಿಗೂ ಕಾಣುವಂತೆ ಮುಚ್ಚಳ ತೆಗೆದು ಇಟ್ಟುಕೊಂಡು, ಕೊನೆಯ ತುಂಡಿನವರೆಗೆ ತಿಂದೆ. ಪಕ್ಕದ ಹುಡುಗಿ ನೋಡಿದಳು. ಅಜ್ಜಿಗೆ ವರದಿ ಹೋಯಿತು.

ತಮ್ಮನ ಶೋಕ ಹೇಳತೀರದು. ಕಾಗೆಗಳಿಗೆ ಅನ್ನ ಇಡುವುದನ್ನು ನಿಲ್ಲಿಸಿದ. ಅಪ್ಪನ ಚಿತ್ರಾನ್ನ ಅರಿಸಿನದಿಂದ ಎಷ್ಟು ಹಳದಿಯಾಗಿರುತ್ತಿತ್ತೆಂದರೆ ನಮ್ಮಿಬ್ಬರ ಬೆರಳು ನೋಡಿ ಮೇಷ್ಟ್ರು ಮನೆಯಲ್ಲಿ ಮದುವೆಯೇ ಎಂದು ಕೇಳಿದರು. ಆದರೂ ದಿನಾ ಏನೋ ಒಂದು ಒಲೆಯ ಮೇಲಿಂದಲೇ ಇಳಿದು ಡಬ್ಬಿಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಮಾತ್ರ ರವೆ ಪೂರ್ತಿ ಸೀದುಹೋಯಿತು. ಅಕ್ಕಿ ಬೇಯಿಸಲು ಹೊತ್ತಿರಲಿಲ್ಲ, ಮನೆಯಲ್ಲಿ ಇದ್ದದ್ದು ಕಾಫಿಗೆಂದು ತಂದಿದ್ದ ಬ್ರೆಡ್ಡು. ಅಪ್ಪ ಒಂದು ನಿಮಿಷ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಬ್ರೆಡ್ಡನ್ನು ಚೂರು ಚೂರು ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ಕೈಯಾಡಿಸಿ, ಮೇಲೆ ನಿಂಬೆಹಣ್ಣು ಹಿಂಡಿ ಡಬ್ಬಿ ತುಂಬಿದರು. ಬೇಕರಿಯ ಮಾಲನ್ನು ಯಾರೂ ಗುರುತು ಹಿಡಿಯುವಂತಿರಲಿಲ್ಲ.

‘ಇದೇನೇ ಇದು?’ ಅಂದಳು ಪಕ್ಕದವಳು.

‘ಉಪ್ಪಿಟ್ಟು.’

‘ಯಾವ ಥರದ ಉಪ್ಪಿಟ್ಟು?’

‘ತುಮಕೂರು ಕಡೇದು,’ ಎಂದೆ. ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರು ಕೇಳಿದಳು. ಅಪ್ಪ ಮಾಡಿದ್ದರಲ್ಲಿ ಯಾರಾದರೂ ಎರಡನೆಯ ಸಲ ಕೇಳಿದ್ದು ಅದೊಂದೇ.

ಹೊಂಗೆ ಮರದ ಸುದ್ದಿ ಒಳ್ಳೆಯದಿದ್ದುದರಿಂದ ಗುಡ್ಡದ ದೇವಸ್ಥಾನದಲ್ಲೂ ಒಳ್ಳೆಯ ಸುದ್ದಿಯೇ ಹಬ್ಬಿತು. ಡಬ್ಬಿಗೆ ದಿನಾ ಮನೆಯ ಅಡುಗೆ ಬರುತ್ತಿದೆ, ಅದು ಗಂಡಸಿನ ಕೈಲಿ ಆಗುವಂಥದ್ದಲ್ಲ, ಅಂದರೆ ಅಮ್ಮ ಹುಷಾರಾಗಿದ್ದಾಳೆ, ಹುಷಾರಾಗಿದ್ದಾಳೆ ಎಂದರೆ ಕಷಾಯ ಹಿಡಿಸಿದೆ ಎಂದು ಅತ್ತೆ ತಿಳಿದರು. ಇನ್ನೂ ಎರಡು ಬಾಟಲಿ ಕಳಿಸಿಕೊಟ್ಟರು. ಅಮ್ಮ ಅದನ್ನು ನುಗ್ಗೆ ಮರದ ಬುಡಕ್ಕೆ ಹಾಕಿದಳು.

ಪರೀಕ್ಷೆ ಬಂತು. ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ, ಬೆಳಿಗ್ಗೆ ಒಂದು ಪೇಪರು, ಮಧ್ಯಾಹ್ನ ಒಂದು. ಮೊದಲನೆಯ ದಿನ ಅಮ್ಮ ಎದ್ದು ಅಭ್ಯಾಸಬಲದಿಂದ ಒಲೆಯ ಮುಂದೆ ಹೋದಳು. ಅಪ್ಪ ಆಗಲೇ ಅಲ್ಲಿದ್ದರು.

‘ಇವತ್ತು ನೀನು ಒಳಗೆ ಬರಬೇಡ,’ ಅಂದರು. ‘ಹೋಗಿ ಓದ್ಕೋ.’

ನಮಗೆ ಬೇಸಿಗೆಯ ಬೆಳಗಿನ ಸ್ಕೂಲು. ಮಧ್ಯಾಹ್ನದ ಹೊತ್ತಿಗೆ ನಾನು ಮನೆಯಿಂದ ಡಬ್ಬಿ ತೆಗೆದುಕೊಂಡು, ತಮ್ಮನ ಕೈ ಹಿಡಿದುಕೊಂಡು ಅಲ್ಲಿಗೆ ನಡೆದೆ. ಕಾಂಪೌಂಡಿನೊಳಗೆ ಎರಡು ಜಡೆಯ ಹುಡುಗಿಯರೆಲ್ಲ ಒಂದು ಕಡೆ ಕಿಚಕಿಚ ಎನ್ನುತ್ತಿದ್ದರು. ಗೋಡೆಯ ನೆರಳಿನಲ್ಲಿ ಬೇರೆಯಾಗಿ, ತಾಳಿ ಕಟ್ಟಿಕೊಂಡ, ಸೆರಗು ಹೊದ್ದ ಏಳೆಂಟು ಹೆಂಗಸರು ಕೂತಿದ್ದರು. ಖಾಸಗಿಯಾಗಿ ಕಟ್ಟಿದವರು. ಅಮ್ಮ ಅವರ ನಡುವೆ ಇದ್ದಳು. ಅಂಥ ಇನ್ನಷ್ಟು ಜನ ಊರಿನಲ್ಲಿ ಇದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ.

ಅಮ್ಮ ಡಬ್ಬಿ ತೆಗೆದಳು. ಚಿತ್ರಾನ್ನ. ಅಲ್ಲಲ್ಲಿ ನಿಂಬೆಹಣ್ಣಿನ ಬೀಜ.

‘ಬಣ್ಣ ಜೋರಾಗಿದೆ,’ ಅಂದರು ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸು. ‘ಬೆಳಿಗ್ಗೆ ಎದ್ದು ಇಷ್ಟೆಲ್ಲ ಮಾಡಿದ್ರಾ?’

ಅಮ್ಮ ಒಂದು ನಿಂಬೆ ಬೀಜ ತೆಗೆದು ಬದಿಗಿಟ್ಟಳು. ವರ್ಷವೆಲ್ಲ ಹೇಳಿದ ಸುಳ್ಳಿನ ಮೇಲೆ ಇನ್ನೊಂದು ಅವಳಿಗೆ ಏನೂ ಕಷ್ಟವಾಗುತ್ತಿರಲಿಲ್ಲ.

‘ನಾನಲ್ಲ. ನಮ್ಮನೆಯವರು ಮಾಡಿದ್ದು,’ ಅಂದಳು.

ಎಲ್ಲರೂ ನಕ್ಕರು. ‘ಹೋಗ್ರೀ ನೀವೊಬ್ರು,’ ಅಂದರು ಒಬ್ಬರು. ಅಮ್ಮ ಹೇಳಿದ ಸುಳ್ಳುಗಳನ್ನೆಲ್ಲ ಎಲ್ಲರೂ ನಂಬಿದ್ದರು, ಈ ಒಂದು ನಿಜವನ್ನು ಯಾರೂ ನಂಬಲಿಲ್ಲ. ದಪ್ಪನೆಯ ಹೆಂಗಸು ಕೈ ಚಾಚಿ ಒಂದು ತುತ್ತು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

‘ಸಾಸಿವೆ ಸಿಡಿದೇ ಇಲ್ಲ,’ ಅಂದರು. ‘ನಿಜ ಕಣ್ರೀ. ಇದು ಗಂಡಸಿನ ಕೈದೇ.’

ಆಮೇಲೆ ಯಾರೂ ನಗಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿ ನೋಡಿಕೊಂಡರು. ‘ನಾನು ಐದು ಜನಕ್ಕೆ ಕಟ್ಟಿಟ್ಟು ಬಂದೆ,’ ಅಂದರು ಒಬ್ಬರು. ‘ನನಗೆ ನಿನ್ನೆ ಮಿಕ್ಕಿದ ಅನ್ನ.’ ಮೂಲೆಯಲ್ಲಿದ್ದ ಇನ್ನೊಬ್ಬರು, ಅಲ್ಲಿಯವರೆಗೆ ಬಾಯಿ ಬಿಡದವರು, ತಾವು ಏನೂ ತಂದಿಲ್ಲ, ಪರೀಕ್ಷೆಗೆ ಬಂದದ್ದೇ ಮನೆಯಲ್ಲಿ ಗೊತ್ತಿಲ್ಲ ಎಂದರು. ಆಮೇಲೆ ಎಲ್ಲರೂ ತಮ್ಮ ಡಬ್ಬಿಯ ಮುಚ್ಚಳವನ್ನು ಅಮ್ಮನ ಮುಂದೆ ಚಾಚಿ ‘ನಂಗೂ ಒಂದು ತುತ್ತು ಹಾಕಿ’ ಎಂದು ಕೇಳಿದರು. ಅಪ್ಪನ ಚಿತ್ರಾನ್ನ ಹಾಗೆ ತುತ್ತು ತುತ್ತಾಗಿ ಹಂಚಿಹೋಯಿತು. ಮೂಲೆಯವರಿಗೆ ಅಮ್ಮ ಎರಡು ತುತ್ತು ಹಾಕಿದಳು. ಅವಳ ಪಾಲಿಗೆ ಯಾರದೋ ಚಪಾತಿ, ಯಾರದೋ ಮೊಸರನ್ನ ಬಂತು. ತಿನ್ನುತ್ತಾ ತಿನ್ನುತ್ತಾ ಅಮ್ಮನ ಕಣ್ಣಲ್ಲಿ ನೀರು ಬಂತು. ನನಗೆ ಅಪ್ಪನ ಮೇಲೆ ಅವತ್ತು ಬಂದಷ್ಟು ಪ್ರೀತಿ ಹಿಂದೆ ಎಂದೂ ಬಂದಿರಲಿಲ್ಲ.

ಅಮ್ಮ ಪಾಸಾದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸು. ಆಮೇಲೆ ಟ್ರೈನಿಂಗ್ ಮುಗಿಸಿ ಬನಶಂಕರಿಯ ಕಡೆಯ ಒಂದು ಪ್ರೈಮರಿ ಸ್ಕೂಲಿನಲ್ಲಿ ಬಹಳ ವರ್ಷ ಪಾಠ ಹೇಳಿದಳು. ಅತ್ತೆ ಎಲ್ಲ ತಿಳಿದ ಮೇಲೆ ಆರು ತಿಂಗಳು ಮಾತು ಬಿಟ್ಟರು, ಅಪ್ಪನ ಜೊತೆ ಮಾತ್ರ.

ಆ ಮೊದಲನೆಯ ದಿನದ ಸಂಜೆ ಅಪ್ಪ ಕಚೇರಿಯಿಂದ ಬಂದವರು ಪೇಪರು ಹೇಗಿತ್ತು ಎಂದು ಕೇಳಿದರು. ಪರವಾಗಿಲ್ಲ ಅಂದಳು ಅಮ್ಮ. ಅವರು ಡಬ್ಬಿಯನ್ನು ಕೈಗೆತ್ತಿಕೊಂಡು ಒಳಗೆ ನೋಡಿದರು. ಒಂದು ಅಗುಳೂ ಇರಲಿಲ್ಲ.

‘ಪೂರ್ತಿ ತಿಂದ್ಯಾ?’ ಅಂದರು, ನಂಬಿಕೆಯಿಲ್ಲದೆ.

‘ನನಗೆ ಎಲ್ಲಿ ಸಿಕ್ತು,’ ಅಂದಳು ಅಮ್ಮ. ಗೋಡೆಯ ನೆರಳಿನ ಹೆಂಗಸರ ವಿಷಯ ಹೇಳಿದಳು. ಎಲ್ಲರೂ ಬೆಳಿಗ್ಗೆ ಮನೆಗೆಲ್ಲ ಕಟ್ಟಿಟ್ಟು ಬಂದಿದ್ದರೆಂದು, ಒಬ್ಬರು ಏನೂ ತಂದಿರಲಿಲ್ಲವೆಂದು ಹೇಳಿದಳು. ಅಪ್ಪ ಕೇಳಿಸಿಕೊಂಡು ಕೋಟು ತೆಗೆದು ಮೊಳೆಗೆ ಹಾಕಿದರು, ಕೈಕಾಲು ತೊಳೆಯಲು ಹೋದರು.

ಮಾರನೆಯ ಬೆಳಿಗ್ಗೆ ನಾನು ಎದ್ದು ನೋಡಿದರೆ ಒಲೆಯ ಮೇಲೆ ಹಬ್ಬದ ದಿನ ಮಾತ್ರ ಇಳಿಸುತ್ತಿದ್ದ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು. ಅಪ್ಪ ಬಾಣಲೆಯ ಮೇಲೆ ಬಗ್ಗಿ, ಸಾಸಿವೆ ಒಂದೊಂದೂ ಸಿಡಿಯುವವರೆಗೆ ಕಾಯುತ್ತಿದ್ದರು. ಪಾತ್ರೆ ಹೊರಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೆ ಬಟ್ಟೆ ಕಟ್ಟಿ, ಕಚೇರಿಗೆ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ಅಪ್ಪನೇ ನನ್ನ ಜೊತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಹೆಂಗಸರು ಕೂತಿದ್ದ ಕಡೆಗೆ ಬರಲು ಅವರಿಗೆ ಸಂಕೋಚ. ಪಾತ್ರೆಯನ್ನು ಗೇಟಿನ ಒಳಗೆ ನನ್ನ ಮುಂದೆ ಇಳಿಸಿ, ‘ಎಲ್ಲರಿಗೂ ಬಡಿಸು. ಮೂಲೇಲಿರೋರಿಗೆ ಮೊದಲು’ ಎಂದು ಹೇಳಿ, ಹಿಂದಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದರು.